ಆಮ್ಸ್ಟರ್‌ಡ್ಯಾಮ್‌ನಲ್ಲಿ ಇಬ್ಬರ ಟುಲಿಪ್ ದಿನ: ತೋಟವೋ, ಸೈಕಲ್ ಮೇಲೆ ಹೊಲವೋ, ರೈಲಿನ ಕಿಟಕಿಯೋ?

ಏಪ್ರಿಲ್‌ನಲ್ಲಿ ಇಬ್ಬರು ನೆದರ್ಲೆಂಡ್ಸ್‌ನ ಆಮ್ಸ್ಟರ್‌ಡ್ಯಾಮ್‌ಗೆ ಹೊರಟರೆ ಟುಲಿಪ್ ನೋಡುವ ಆಸೆ ಇದ್ದೇ ಇರುತ್ತದೆ. ಆದರೆ ಆ ಊರಿನೊಳಗೆ ಟುಲಿಪ್ ಹೊಲ ಒಂದೂ ಇಲ್ಲ. ಫೋಟೋಗಳಲ್ಲಿ ಕಾಣುವ ಕೆಂಪು, ಹಳದಿ, ನೇರಳೆ ಪಟ್ಟೆಗಳು ಊರಿನಿಂದ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಹಾರ್ಲೆಮ್ ಮತ್ತು ಲೈಡನ್ ಊರುಗಳ ನಡುವಿನ ಮರಳು ಮಣ್ಣಿನ ಸೀಮೆಯಲ್ಲಿವೆ. ಅಲ್ಲಿಗೆ ಹೋಗಲು ಒಂದು ಇಡೀ ದಿನ ತೆಗೆದಿಡಬೇಕು. ಆ ದಿನವನ್ನು ಮೂರು ರೀತಿಯಲ್ಲಿ ಕಳೆಯಬಹುದು: ಕ್ಯೂಕೆನ್‌ಹಾಫ್ ತೋಟದೊಳಗೆ ನಡೆದು, ಹೊಲಗಳ ನಡುವೆ ಸೈಕಲ್ ಹೊಡೆದು, ಅಥವಾ ರೈಲಿನಲ್ಲಿ ಕೂತು ಕಿಟಕಿಯಿಂದ ನೋಡಿ ಉಳಿದ ಹೂವನ್ನು ಊರಲ್ಲೇ ಹುಡುಕಿಕೊಂಡು. ಮೂರೂ ಚೆಂದವೇ. ಯಾವುದು ನಿಮಗೆ ಸರಿ ಎಂಬುದನ್ನು ನಿಮ್ಮ ಆಸೆಗಿಂತ ಹೆಚ್ಚಾಗಿ ಎರಡು ಸಂಗತಿಗಳು ತೀರ್ಮಾನಿಸುತ್ತವೆ. ನೀವು ಯಾವ ವಾರ ಹೋಗುತ್ತೀರಿ ಎಂಬುದು ಒಂದು, ಜೊತೆಗೆ ಬರುವವರ ಮೊಣಕಾಲು ಎಷ್ಟು ಗಟ್ಟಿ ಎಂಬುದು ಇನ್ನೊಂದು.

ಮೊದಲು ವಾರ ನೋಡಿ

ಗೆಡ್ಡೆ ಹೂಗಳು ಒಂದೇ ಸಲ ಅರಳುವುದಿಲ್ಲ. ಮಾರ್ಚ್‌ನಲ್ಲಿ ಕ್ರೋಕಸ್ ಮತ್ತು ಡ್ಯಾಫೊಡಿಲ್, ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಹಯಸಿಂತ್, ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದವರೆಗೆ ಟುಲಿಪ್. ಚಳಿ ಜಾಸ್ತಿಯಾದ ವರ್ಷ ಈ ಲೆಕ್ಕ ಒಂದು ವಾರ ಹಿಂದೆ ಬೀಳುತ್ತದೆ, ಬಿಸಿಲು ಬೇಗ ಬಂದರೆ ಮುಂದೆ ಓಡುತ್ತದೆ.

ಹೊಲದ ಹೂವಿನ ವಿಷಯದಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ರೈತ ಬೆಳೆಯುತ್ತಿರುವುದು ಹೂವನ್ನಲ್ಲ, ಗೆಡ್ಡೆಯನ್ನು. ಹೂ ಪೂರ್ತಿ ಅರಳಿದಾಗ ಅವನು ಸಾಲು ಸಾಲಾಗಿ ನಡೆದು ರೋಗ ಬಂದ ಗಿಡ, ಬೇರೆ ತಳಿಯ ಬೆರಕೆ ಗಿಡಗಳನ್ನು ಗುರುತಿಸಿ ಕಿತ್ತುಹಾಕುತ್ತಾನೆ. ಅದು ಮುಗಿದ ಕೂಡಲೇ ಯಂತ್ರ ಹಾಯಿಸಿ ಹೂಗಳ ತಲೆಯನ್ನಷ್ಟೇ ಕತ್ತರಿಸುತ್ತಾನೆ, ಎಲೆ ಮತ್ತು ದಂಟು ಹಾಗೇ ಉಳಿಯುತ್ತವೆ. ಬೀಜ ಕಟ್ಟಲು ಹೋಗುವ ಶಕ್ತಿ ಗೆಡ್ಡೆಗೆ ಇಳಿಯಲಿ ಎಂದು ಹೀಗೆ ಮಾಡುವುದು. ನಿನ್ನೆ ಸಂಜೆ ಕೆಂಪು ಜಮಖಾನೆಯಂತಿದ್ದ ಹೊಲ ಇವತ್ತು ಮಧ್ಯಾಹ್ನ ಬರೀ ಹಸಿರಾಗಿರುತ್ತದೆ, ಬದುವಿನಲ್ಲಿ ಹೂದಲೆಗಳು ಮಂಡಿಯೆತ್ತರ ರಾಶಿ ಬಿದ್ದಿರುತ್ತವೆ. ಹೂವನ್ನು ಹೀಗೆ ಬಿಸಾಡಿದ್ದಾರಲ್ಲ ಎಂದು ನಮಗೆ ಕರುಳು ಚುರ್ರೆನ್ನುತ್ತದೆ, ಆದರೆ ಅವರ ಫಸಲು ನೆಲದೊಳಗಿದೆ, ಅದನ್ನು ಕೀಳುವುದು ಜೂನ್, ಜುಲೈನಲ್ಲಿ. ಒಂದು ಹೊಲ ಬಣ್ಣದಲ್ಲಿರುವುದು ಎರಡು ಮೂರು ವಾರ ಮಾತ್ರ.

ಮಣ್ಣಿನ ರೋಗ ತಪ್ಪಿಸಲು ಟುಲಿಪ್ಪನ್ನು ಪ್ರತಿ ವರ್ಷ ಬೇರೆ ಹೊಲಕ್ಕೆ ಬದಲಿಸುವುದೂ ಉಂಟು. ಹೋದ ವರ್ಷ ಯಾರೋ ಹಾಕಿದ ಮ್ಯಾಪ್ ಗುರುತು ನಂಬಿ ಹೋದರೆ ಅಲ್ಲಿ ಆಲೂಗಡ್ಡೆಯೋ ಹುಲ್ಲೋ ಸಿಕ್ಕೀತು. ಹೊರಡುವ ವಾರವೇ ತೆಗೆದ ಫೋಟೋಗಳನ್ನು ನೋಡಿ ಜಾಗ ಗೊತ್ತುಮಾಡಿಕೊಳ್ಳಿ.

ಹಾಗಾಗಿ ಏಪ್ರಿಲ್ 10ಕ್ಕಿಂತ ಮೊದಲು ಹೋಗುವವರು ಹೊಲವನ್ನು ನಂಬಿ ದಿನ ಕಟ್ಟಬೇಡಿ, ತೋಟ ಆರಿಸಿಕೊಳ್ಳಿ. ಏಪ್ರಿಲ್ 15ರಿಂದ 28ರ ನಡುವೆ ಹೋಗುವವರಿಗೆ ಮೂರೂ ಆಯ್ಕೆ ತೆರೆದಿವೆ. ಮೇ 5 ದಾಟಿದ ಮೇಲೆ ಕ್ಯೂಕೆನ್‌ಹಾಫ್ ಇರುವ ಲಿಸ್ಸೆ ಊರಿನ ಸುತ್ತಿನ ಹೊಲಗಳು ಬಹುಪಾಲು ಹಸಿರು, ತೋಟದಲ್ಲಿ ಮಾತ್ರ ತಡವಾಗಿ ಅರಳುವ ತಳಿಗಳು ಇರುತ್ತವೆ.

ಕ್ಯೂಕೆನ್‌ಹಾಫ್: ಹೂವಿಗೆ ಖಾತರಿ, ಜನಕ್ಕೂ ಖಾತರಿ

ಲಿಸ್ಸೆ ಊರಿನ ಈ ತೋಟ 32 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 80 ಎಕರೆ. ಮಾರ್ಚ್ ಮೂರನೇ ವಾರದಿಂದ ಮೇ ಎರಡನೇ ವಾರದವರೆಗೆ, ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ ಬಾಗಿಲು ತೆರೆದಿರುತ್ತದೆ. ಸಾರ್ವಜನಿಕರಿಗೆ ಮೊದಲು ತೆರೆದದ್ದು 1950ರಲ್ಲಿ. ಹೆಸರಿನ ಅರ್ಥ ಅಡುಗೆಮನೆಯ ಹಿತ್ತಲು, ಪಕ್ಕದ ಕೋಟೆಮನೆಗೆ ಸೊಪ್ಪು ತರಕಾರಿ ಒದಗಿಸುತ್ತಿದ್ದ ಜಾಗವಿದು. ಈಗ ಪ್ರತಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಲ್ಲೇ ನೆಡುತ್ತಾರೆ.

ಎಂಟು ವಾರವೂ ಇಲ್ಲಿ ಹೂ ಇರುವುದಕ್ಕೆ ಕಾರಣ ನೆಡುವ ಕ್ರಮ. ಒಂದೇ ಮಡಿಯಲ್ಲಿ ಗೆಡ್ಡೆಗಳನ್ನು ಪದರ ಪದರವಾಗಿ ಇಡುತ್ತಾರೆ. ತಡವಾಗಿ ಅರಳುವ ಟುಲಿಪ್ ಆಳದಲ್ಲಿ, ಬೇಗ ಅರಳುವುದು ಅದರ ಮೇಲೆ, ಕ್ರೋಕಸ್‌ನಂಥ ಪುಟ್ಟವು ಎಲ್ಲಕ್ಕಿಂತ ಮೇಲೆ. ಒಂದು ಬಾಡುವಷ್ಟರಲ್ಲಿ ಕೆಳಗಿನದು ತಲೆಯೆತ್ತುತ್ತದೆ. ಹೊರಗೆ ಚಳಿಗೆ ಎಲ್ಲ ತಡವಾದರೂ ಒಳಾಂಗಣ ಮಂಟಪಗಳಲ್ಲಿ ಟುಲಿಪ್, ಆರ್ಕಿಡ್ ಪ್ರದರ್ಶನ ಇದ್ದೇ ಇರುತ್ತದೆ. ಮಳೆ ಬಂದರೆ ಆಸರೆಯೂ ಅವೇ.

ಟಿಕೆಟ್ ಆನ್‌ಲೈನ್‌ನಲ್ಲಿ, ದಿನಾಂಕ ಮತ್ತು ಪ್ರವೇಶದ ಸಮಯ ಹಾಕಿ ಕೊಳ್ಳಬೇಕು. ತಲೆಗೆ 20 ಯೂರೊ ಆಸುಪಾಸು. ಸಮಯದ ಕಟ್ಟುಪಾಡು ಒಳಗೆ ಹೋಗುವುದಕ್ಕೆ ಮಾತ್ರ, ಒಳಗೆ ಹೋದ ಮೇಲೆ ಮುಚ್ಚುವ ತನಕ ಇರಬಹುದು. ಬೆಳಿಗ್ಗೆ 8ರಿಂದ ಸಂಜೆ 7:30ರವರೆಗೆ ತೆರೆದಿರುತ್ತದೆ. ಹತ್ತೂವರೆಯಿಂದ ಮೂರೂವರೆಯವರೆಗೆ ಪ್ರವಾಸಿ ಬಸ್ಸುಗಳ ಜನ ತುಂಬಿ, ಮುಖ್ಯ ದಾರಿಗಳಲ್ಲಿ ನಮ್ಮ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಭಾನುವಾರದಂತೆಯೇ ಇರುತ್ತದೆ. ಎಂಟಕ್ಕೇ ಒಳಗಿರಿ, ಇಲ್ಲವಾದರೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಎಂಟೂವರೆವರೆಗೂ ಬೆಳಕಿರುವುದರಿಂದ ಸಂಜೆಯ ಹೊತ್ತೇ ಹೆಚ್ಚು ಹಿತ. ಓರೆ ಬಿಸಿಲು ಟುಲಿಪ್ಪಿನ ಎಸಳನ್ನು ಹಾದು ಬರುವಾಗ ಹೂ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಆ ಚೆಲುವಿಲ್ಲ.

ಹೋಗುವ ದಾರಿ: ಸ್ಕಿಪೋಲ್ ವಿಮಾನ ನಿಲ್ದಾಣದಿಂದ 858 ನಂಬರಿನ ಬಸ್ಸು, ಲೈಡನ್ ರೈಲು ನಿಲ್ದಾಣದಿಂದ 854. ಪ್ರವೇಶ ಮತ್ತು ಬಸ್ಸು ಸೇರಿದ ಒಂದೇ ಟಿಕೆಟ್ ಸಿಗುತ್ತದೆ, ಇಬ್ಬರಿಗೂ ಅದೇ ಸಲೀಸು. ಆದರೆ ಆ ಟಿಕೆಟ್ಟಿನಲ್ಲಿ ಬಸ್ಸಿನ ಸೀಟು ಕಾದಿರಿಸಿರುವುದಿಲ್ಲ. ಸಂಜೆ ನಾಲ್ಕರಿಂದ ಐದೂವರೆ ಹೊತ್ತಿಗೆ ಸ್ಕಿಪೋಲ್ ಕಡೆಯ ಸಾಲು ಉದ್ದ ಬೆಳೆದಿರುತ್ತದೆ. ಲೈಡನ್ ಬಸ್ಸಿನ ಸಾಲು ಸಾಮಾನ್ಯವಾಗಿ ಚಿಕ್ಕದು, ಅಲ್ಲಿಂದ ಆಮ್ಸ್ಟರ್‌ಡ್ಯಾಮ್‌ಗೆ ರೈಲು ಮುಕ್ಕಾಲು ಗಂಟೆಯೊಳಗೆ ಸೇರಿಸುತ್ತದೆ. ಬಂದ ದಾರಿಯಲ್ಲೇ ಹಿಂತಿರುಗಬೇಕೆಂಬ ಹಟ ಬೇಡ.

ತೋಟದ ದಾರಿಗಳು ಒಟ್ಟು 15 ಕಿಲೋಮೀಟರ್. ಅಷ್ಟೂ ನಡೆಯಬೇಕಿಲ್ಲ, ಮೂರ್ನಾಲ್ಕು ಕಿಲೋಮೀಟರ್‌ನಲ್ಲಿ ಮುಖ್ಯವಾದವೆಲ್ಲ ಮುಗಿಯುತ್ತವೆ. ನೆಲ ಸಪಾಟು, ಎಲ್ಲೆಡೆ ಬೆಂಚು ಇವೆ, ಗಾಲಿಕುರ್ಚಿಯೂ ಸಿಗುತ್ತದೆ. ಜನದಟ್ಟಣೆಯ ದಿನ ಗಾಲಿಕುರ್ಚಿ ಮುಗಿದುಹೋಗುವುದರಿಂದ ಟಿಕೆಟ್ ಕೊಳ್ಳುವಾಗಲೇ ಅದರ ಬಗ್ಗೆ ವಿಚಾರಿಸಿ. ತೋಟದ ಒಂದು ಅಂಚಿನಲ್ಲಿ ಗಾಳಿಯಂತ್ರ ಇದೆ, ಅದರ ಜಗಲಿ ಹತ್ತಿದರೆ ಬೇಲಿಯಾಚೆಯ ಹೊಲಗಳು ಕಾಣುತ್ತವೆ. ಅದರ ಬುಡದಿಂದಲೇ ಸದ್ದಿಲ್ಲದ ಬ್ಯಾಟರಿ ದೋಣಿ ಹೊರಟು ಹೊಲಗಳ ನಡುವಿನ ಕಾಲುವೆಗಳಲ್ಲಿ ಮುಕ್ಕಾಲು ಗಂಟೆ ಸುತ್ತಾಡಿಸುತ್ತದೆ. ಅದಕ್ಕೆ ಟಿಕೆಟ್ ಬೇರೆ. ಸೈಕಲ್ ತುಳಿಯಲಾಗದವರು ತೋಟ, ಹೊಲ ಎರಡನ್ನೂ ಒಂದೇ ದಿನ ನೋಡಬೇಕೆಂದರೆ ಈ ದೋಣಿಯಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ದೋಣಿ ತಗ್ಗಿನಲ್ಲಿ ಸಾಗುವುದರಿಂದ ಹೂ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಉಸಿರಾಟದ ತೊಂದರೆ ಇರುವವರಿಗೆ ಒಂದು ಎಚ್ಚರಿಕೆ: ಹಯಸಿಂತ್ ವಾಸನೆ ಬಲು ಗಾಢ. ಏಪ್ರಿಲ್ ಮೊದಲ ಭಾಗದಲ್ಲಿ ಮುಚ್ಚಿದ ಮಂಟಪದೊಳಗೆ ಅದು ತಲೆ ಹಿಡಿಯುತ್ತದೆ. ಇನ್‌ಹೇಲರ್ ಬಳಸುವವರು ಅದನ್ನು ಜೇಬಲ್ಲೇ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಒಳಗೆ ಸಿಗುವುದು ಆಲೂ ಫ್ರೈ, ಚೀಸ್ ಬ್ರೆಡ್, ದೋಸೆಯಂಥ ಪ್ಯಾನ್‌ಕೇಕ್. ಪ್ಯಾನ್‌ಕೇಕ್‌ನಲ್ಲೂ ಗುಂಡಗಿನ ಪುಟ್ಟ ಪೊಫರ್ಚಸ್‌ನಲ್ಲೂ ಮೊಟ್ಟೆ ಇರುವುದು ರೂಢಿ. ಮೊಟ್ಟೆ ತಿನ್ನದವರು ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ, ಬೆಂಚಿನ ಮೇಲೆ ಕೂತು ತಿನ್ನಲು ಯಾರ ಅಡ್ಡಿಯೂ ಇಲ್ಲ.

ಸೈಕಲ್ ಮೇಲೆ ಹೊಲ: ಹೂ ಕೈಗೆ ಹತ್ತಿರ, ಗಾಳಿ ಮುಖಕ್ಕೆ ಹತ್ತಿರ

ಇಬ್ಬರೂ ಸೈಕಲ್ ಬಲ್ಲವರಾಗಿ, ವಾರವೂ ಸರಿಯಾಗಿದ್ದರೆ ಇದಕ್ಕೆ ಸಾಟಿಯಿಲ್ಲ. ತೋಟದಲ್ಲಿ ಹೂವನ್ನು ನಿಮಗಾಗಿ ಜೋಡಿಸಿಟ್ಟಿರುತ್ತಾರೆ. ಇಲ್ಲಿ ನೀವು ಒಂದು ದೇಶದ ಬೇಸಾಯದ ನಟ್ಟನಡುವೆ ಹಾದುಹೋಗುತ್ತೀರಿ. ಟಿಕೆಟ್ ಬೇಡ, ಸಮಯ ಕಾದಿರಿಸುವುದು ಬೇಡ, ಸೈಕಲ್ ಬಾಡಿಗೆ ಮಾತ್ರ.

ಸೈಕಲ್ಲನ್ನು ಆಮ್ಸ್ಟರ್‌ಡ್ಯಾಮ್‌ನಲ್ಲಿ ತೆಗೆದುಕೊಳ್ಳಬೇಡಿ. ಅಲ್ಲಿಂದ 30 ಕಿಲೋಮೀಟರ್ ತುಳಿದು ತಲುಪುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ರೈಲಿನಲ್ಲಿ ಸೈಕಲ್ ಒಯ್ಯಲು ಬೇರೆ ಟಿಕೆಟ್ ಬೇಕು, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6:30ರಿಂದ 9, ಸಂಜೆ 4ರಿಂದ 6:30ರವರೆಗೆ ಅನುಮತಿಯೂ ಇಲ್ಲ. ಕ್ಯೂಕೆನ್‌ಹಾಫ್ ಮುಖ್ಯ ಬಾಗಿಲಿನ ಬಳಿ, ಲೈಡನ್‌ನಲ್ಲಿ, ಹಾರ್ಲೆಮ್‌ನಲ್ಲಿ ಬಾಡಿಗೆ ಅಂಗಡಿಗಳಿವೆ. ಕ್ಯೂಕೆನ್‌ಹಾಫ್ ಬಾಗಿಲಿನಿಂದ ಹೊರಟರೆ ಕೆಲವೇ ನಿಮಿಷದಲ್ಲಿ ಹೊಲ. ಲೈಡನ್ ಅಥವಾ ಹಾರ್ಲೆಮ್‌ನಿಂದ ಲಿಸ್ಸೆಗೆ ಹೋಗಿ ಬರುವುದೆಂದರೆ 30 ಕಿಲೋಮೀಟರ್ ಮೇಲಾಗುತ್ತದೆ. ರೂಢಿಯಿಲ್ಲದವರಿಗೆ 15 ಕಿಲೋಮೀಟರ್‌ನ ಸುತ್ತು ಸಾಕು, ನಿಲ್ಲುತ್ತ ನೋಡುತ್ತ ಮೂರು ಗಂಟೆ ಹಿಡಿಯುತ್ತದೆ.

ರೈಲು ನಿಲ್ದಾಣಗಳಲ್ಲಿ ಕಾಣುವ ಹಳದಿ ನೀಲಿ ಸೈಕಲ್‌ಗಳು ಪ್ರವಾಸಿಗಳಿಗೆ ಸಿಗುವುದಿಲ್ಲ, ಅವಕ್ಕೆ ಅಲ್ಲಿನ ನಿವಾಸಿಯ ಸ್ವಂತ ಪ್ರಯಾಣ ಕಾರ್ಡ್ ಬೇಕು. ಮಗಳೋ ಅಳಿಯನೋ ಅಲ್ಲಿ ನೆಲೆಸಿದ್ದರೆ ಅವರ ಒಂದು ಕಾರ್ಡಿಗೆ ಎರಡು ಸೈಕಲ್ ಸಿಗುತ್ತದೆ.

ಸೈಕಲ್ ಆರಿಸುವಾಗ ಅವಸರ ಬೇಡ. ಡಚ್ಚರು ಎತ್ತರದ ಜನ, ಅವರ ಸೀಟಿನ ಎತ್ತರಕ್ಕೆ ಐದು ಅಡಿಯವರ ಕಾಲು ನೆಲಕ್ಕೆ ಎಟಕುವುದಿಲ್ಲ. ಚಿಕ್ಕ ಫ್ರೇಮಿನ ಸೈಕಲ್ ಕೇಳಿ ಪಡೆಯಿರಿ, ಸೀಟು ಪೂರ್ತಿ ಇಳಿಸಿದಾಗ ಎರಡೂ ಪಾದದ ಮುಂಭಾಗ ನೆಲ ಮುಟ್ಟಬೇಕು. ಬಹಳಷ್ಟು ಬಾಡಿಗೆ ಸೈಕಲ್‌ಗಳಲ್ಲಿ ಕೈ ಬ್ರೇಕ್ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರ ನಿಲ್ಲುತ್ತದೆ. ನಮ್ಮವರು ಎಡವುವುದು ಇಲ್ಲೇ. ಒಮ್ಮೆ ನಿಂತು ಮತ್ತೆ ಹೊರಡುವಾಗ ನಾವು ಅಭ್ಯಾಸಬಲದಿಂದ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತರಲು ನೋಡುತ್ತೇವೆ. ಅದು ತಿರುಗುವುದಿಲ್ಲ, ಬ್ರೇಕ್ ಹಿಡಿದುಕೊಳ್ಳುತ್ತದೆ, ಸೈಕಲ್ ವಾಲುತ್ತದೆ. ಅದರ ಬದಲು ಸೈಕಲ್ಲನ್ನು ಅರ್ಧ ಹೆಜ್ಜೆ ಮುಂದಕ್ಕೆ ತಳ್ಳಿ, ಪೆಡಲ್ ತಾನಾಗಿ ಮೇಲೆ ಬರುತ್ತದೆ. ಅಂಗಡಿಯ ಅಂಗಳದಲ್ಲೇ ಹತ್ತು ನಿಮಿಷ ಇದನ್ನು ರೂಢಿ ಮಾಡಿಕೊಂಡು ಆಮೇಲೆ ರಸ್ತೆಗೆ ಇಳಿಯಿರಿ. ದುಪಟ್ಟಾ, ಉದ್ದ ಕೋಟು ಹಾಕಿದವರು ಹಿಂಚಕ್ರಕ್ಕೆ ಬಟ್ಟೆ ಸಿಗದಂತೆ ಮುಚ್ಚಳ ಇರುವ ಸೈಕಲ್ ಕೇಳಿ.

ಅಲ್ಲಿ ಸಂಚಾರ ಬಲಬದಿಗೆ. ಅದಕ್ಕಿಂತ ಮುಖ್ಯವಾಗಿ, ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಕೆಂಪು ಬಣ್ಣದ ಸೈಕಲ್ ದಾರಿಯಲ್ಲಿ ಫೋಟೋಗೆಂದು ಗಕ್ಕನೆ ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ. ಪಕ್ಕದ ಹುಲ್ಲಿಗೆ ಇಳಿದು ನಿಲ್ಲಿ.

ದಾರಿ ಹುಡುಕಲು ಮೊಬೈಲ್ ಕೈಯಲ್ಲಿ ಹಿಡಿದು ತುಳಿಯುವುದು ಅಲ್ಲಿ ದಂಡದ ಅಪರಾಧ. ಅಗತ್ಯವೂ ಇಲ್ಲ. ಸೈಕಲ್ ದಾರಿಗಳು ಸೇರುವ ಪ್ರತಿ ಕೂಡುದಾರಿಗೂ ಒಂದು ನಂಬರು ಇದೆ, ಬಿಳಿ ಫಲಕದ ಮೇಲೆ ಹಸಿರು ಅಂಕಿ. ನೀವು ಹೋಗಬೇಕಾದ ನಂಬರುಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದು ಹ್ಯಾಂಡಲಿಗೆ ಅಂಟಿಸಿಕೊಂಡರೆ ಸಾಕು, ಒಂದು ನಂಬರಿನಿಂದ ಇನ್ನೊಂದಕ್ಕೆ ಬಾಣದ ಗುರುತು ಕೊನೆಯವರೆಗೂ ಕರೆದೊಯ್ಯುತ್ತದೆ.

ನೆಲದಲ್ಲಿ ಏರಿಲ್ಲ, ಆದರೆ ಏರಿನ ಕೆಲಸವನ್ನು ಗಾಳಿ ಮಾಡುತ್ತದೆ. ಏಪ್ರಿಲ್‌ನಲ್ಲಿ ಹಗಲು 13 ಡಿಗ್ರಿ ಆಸುಪಾಸು, ಬೆಳಗಿನ ಜಾವ 5. ಸಮುದ್ರ ಹತ್ತಿರ, ತಡೆಯಲು ಬೆಟ್ಟವಿಲ್ಲ. ಹೊರಡುವ ಮೊದಲು ಗಾಳಿಯ ದಿಕ್ಕು ನೋಡಿ, ಮೊದಲರ್ಧ ಎದುರುಗಾಳಿಗೆ ತುಳಿಯಿರಿ, ದಣಿದ ಮೇಲೆ ಹಿಂದಿನಿಂದ ತಳ್ಳಿಸಿಕೊಂಡು ಬನ್ನಿ. ಇದನ್ನು ತಿರುವುಮುರುವು ಮಾಡಿದವರು ಸಂಜೆ ಜೊತೆಗಾರರ ಮುಖ ನೋಡಲಾಗದೆ ಕಷ್ಟಪಡುತ್ತಾರೆ. ಕೊಡೆ ಕೆಲಸಕ್ಕೆ ಬಾರದು, ಮಗುಚಿಕೊಳ್ಳುತ್ತದೆ. ಟೋಪಿಯಿರುವ ಮಳೆ ಜಾಕೆಟ್, ಒಳಗೆ ತೆಳ್ಳನೆ ಸ್ವೆಟರ್, ಕೈಗವಸು ತನ್ನಿ.

ಇಬ್ಬರಲ್ಲಿ ಒಬ್ಬರು ಗಟ್ಟಿ, ಇನ್ನೊಬ್ಬರು ಬೇಗ ದಣಿಯುವವರಾದರೆ ದಣಿಯುವವರಿಗೆ ಬ್ಯಾಟರಿ ಸೈಕಲ್ ಕೊಡಿ. ಜೋಡಿ ಸೈಕಲ್ ಸಹ ಸಿಗುತ್ತದೆ, ಆದರೆ ಹಿಂದೆ ಕೂತವರಿಗೆ ಮುಂದಿನವರ ಬೆನ್ನೇ ಹೆಚ್ಚು ಕಾಣುವುದು. ಹೂ ನೋಡಲು ಹೋದ ದಿನಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಇನ್ನು ಹೊಲದೊಳಗೆ ಕಾಲಿಡುವ ಮಾತು. ಇಡಬೇಡಿ. ಅದು ಒಬ್ಬ ರೈತನ ಬದುಕು. ಸಾಲುಗಳ ನಡುವೆ ನಡೆದರೆ ದಂಟು ಮುರಿಯುತ್ತದೆ, ಚಪ್ಪಲಿಯಲ್ಲಿ ಅಂಟಿದ ಮಣ್ಣು ಒಂದು ಹೊಲದ ರೋಗವನ್ನು ಇನ್ನೊಂದಕ್ಕೆ ಒಯ್ಯುತ್ತದೆ. ನಮ್ಮಲ್ಲಿ ಶುಂಠಿ ಹೊಲಕ್ಕೆ ಕೊಳೆರೋಗ ಹರಡುವ ಭಯ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವು ಬೆಳೆಗಾರರು ಪ್ರವಾಸಿಗಳಿಗೆಂದೇ ಒಂದು ತುಂಡು ಜಾಗದಲ್ಲಿ ಹೂ ಬೆಳೆಸಿ, ಟಿಕೆಟ್ ಪಡೆದು ಒಳಗೆ ಬಿಡುತ್ತಾರೆ, ಹೂ ಕೀಳಲೂ ಬಿಡುತ್ತಾರೆ. ಹೂವಿನ ನಡುವೆ ನಿಂತ ಫೋಟೋ ಬೇಕೇ ಬೇಕು ಎನ್ನುವವರು ಅಲ್ಲಿಗೆ ಹೋಗಿ.

ರೈಲಿನ ಕಿಟಕಿ, ಊರೊಳಗಿನ ಹೂ

ನಡೆಯುವುದು ಆಗದು, ಜನಜಂಗುಳಿಯೂ ಬೇಡ ಎನ್ನುವ ಜೊತೆಗಾರರಿದ್ದರೆ ಹಾರ್ಲೆಮ್‌ನಿಂದ ಲೈಡನ್‌ಗೆ ಹೋಗುವ ನಿಧಾನದ ಲೋಕಲ್ ರೈಲು ಹಿಡಿಯಿರಿ. ಹಿಲ್ಲೆಗಾಮ್, ವೋರ್ಹೌಟ್ ನಿಲ್ದಾಣಗಳ ಆಸುಪಾಸಿನಲ್ಲಿ ಹಳಿಯ ಪಕ್ಕಕ್ಕೇ ಬಣ್ಣದ ಪಟ್ಟೆಗಳು ಬರುತ್ತವೆ. ಇಡೀ ಪ್ರಯಾಣ ಅರ್ಧ ಗಂಟೆಯೂ ಇಲ್ಲ. ರೈಲಿನ ಎತ್ತರದಿಂದ ಪಟ್ಟೆಗಳು ಚೆನ್ನಾಗಿ ಬಿಡಿಬಿಡಿಯಾಗಿ ಕಾಣುತ್ತವೆ, ಸೈಕಲ್ ಮೇಲಿಂದ ಹತ್ತಿರದ ಸಾಲಷ್ಟೇ ಕಾಣುವುದು. ವೇಗದ ರೈಲು ಹತ್ತಿದರೆ ಎಲ್ಲ ಒಂದೇ ಬಣ್ಣದ ಗೀಚಾಗಿ ಹೋಗಿಬಿಡುತ್ತದೆ.

ಲೈಡನ್‌ನಲ್ಲಿ ಇಳಿದ ಮೇಲೆ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಹೋಗಿ. 1590ರಲ್ಲಿ ಆರಂಭವಾದ ತೋಟ ಅದು. ಕರೊಲಸ್ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಇಲ್ಲಿ ನೆಟ್ಟ ಟುಲಿಪ್‌ಗಳು 1594ರಲ್ಲಿ ಅರಳಿದವು, ಆ ದೇಶದ ಟುಲಿಪ್ ಕಥೆಯನ್ನು ಹೇಳಲು ಶುರುಮಾಡುವುದೇ ಅಲ್ಲಿಂದ. ಚಿಕ್ಕ ತೋಟ, ಒಂದೂವರೆ ಗಂಟೆ ಸಾಕು, ಗಾಜಿನ ಮನೆಯೊಳಗೆ ಬೆಚ್ಚಗಿರುತ್ತದೆ.

ಆಮ್ಸ್ಟರ್‌ಡ್ಯಾಮ್ ಊರೊಳಗೆ ಏಪ್ರಿಲ್ ತಿಂಗಳಿಡೀ ಚೌಕಗಳಲ್ಲಿ, ಮ್ಯೂಸಿಯಂ ಅಂಗಳಗಳಲ್ಲಿ ಟುಲಿಪ್ ಕುಂಡಗಳನ್ನು ಇಟ್ಟಿರುತ್ತಾರೆ. ರೈಕ್ಸ್‌ಮ್ಯೂಸಿಯಂ ಎಂಬ ಕಲಾ ಸಂಗ್ರಹಾಲಯದ ಸುತ್ತಿನ ಉದ್ಯಾನಕ್ಕೆ ಪ್ರವೇಶ ಉಚಿತ. ಏಪ್ರಿಲ್ ಮೊದಲ ವಾರಕ್ಕೇ ಹೋಗಿ ಟುಲಿಪ್ ಸಿಗದಿದ್ದವರಿಗೆ ಆಮ್ಸ್ಟೆಲ್‌ವೇನ್ ಬದಿಯ ದೊಡ್ಡ ಕಾಡುತೋಟದಲ್ಲಿ 400 ಚೆರಿ ಮರಗಳ ಬನವಿದೆ, ಜಪಾನಿ ಮಹಿಳೆಯರ ಸಂಘ 2000ರಲ್ಲಿ ಕೊಟ್ಟ ಮರಗಳು. ಪ್ರತಿ ಮರಕ್ಕೂ ಒಬ್ಬ ಹೆಣ್ಣುಮಗಳ ಹೆಸರಿದೆ, ಅರ್ಧ ಜಪಾನಿ ಹೆಸರುಗಳು, ಅರ್ಧ ಡಚ್ ಹೆಸರುಗಳು. ಭಾರತೀಯರು ಬಹಳ ಸಂಖ್ಯೆಯಲ್ಲಿ ನೆಲೆಸಿರುವ ಊರು ಆಮ್ಸ್ಟೆಲ್‌ವೇನ್, ನಿಮ್ಮ ಬಂಧುಗಳ ಮನೆ ಅಲ್ಲೇ ಇದ್ದರೆ ಊಟ ಕಟ್ಟಿಕೊಂಡು ಹೋಗಲು ಹೇಳಿ ಮಾಡಿಸಿದ ಜಾಗ.

ಕಾರು ಇರುವವರಿಗೆ ಇನ್ನೊಂದು ದಾರಿಯಿದೆ. 1942ರಲ್ಲಿ ಸಮುದ್ರದಿಂದ ಬರಿದು ಮಾಡಿದ ನೋರ್ಡೋಸ್ಟ್‌ಪೋಲ್ಡರ್ ಎಂಬ ಸೀಮೆಯಲ್ಲಿ ಸುಮಾರು 100 ಕಿಲೋಮೀಟರ್‌ನ ಟುಲಿಪ್ ದಾರಿಯನ್ನು ಫಲಕ ಹಾಕಿ ಗುರುತಿಸುತ್ತಾರೆ. ಜನ ಕಡಿಮೆ, ಹೊಲಗಳು ವಿಶಾಲ. ಬಸ್ಸು ರೈಲಿನಲ್ಲಿ ಹೋಗುವವರಿಗೆ ಮಾತ್ರ ಅದು ಸಾಹಸವೇ.

ಹಾಗಾದರೆ ಯಾರಿಗೆ ಯಾವುದು

ಊರಿನಿಂದ ಬಂದ ಅಮ್ಮ ಅಥವಾ ಅತ್ತೆಯ ಜೊತೆ ಹೊರಟಿದ್ದರೆ ಕ್ಯೂಕೆನ್‌ಹಾಫ್, ಮಧ್ಯಾಹ್ನ ಮೂರರ ಪ್ರವೇಶ, ದೋಣಿ ಸೇರಿಸಿ. ಎರಡನೇ ಯೋಚನೆ ಬೇಡ. ಮೊಣಕಾಲು ನೋವು ತೀರಾ ಇದ್ದರೆ ರೈಲಿನ ದಾರಿ. ಇಬ್ಬರೂ ಮೂವತ್ತು ನಲವತ್ತರೊಳಗಿದ್ದು ಏಪ್ರಿಲ್ ಮೂರನೇ ವಾರವಾದರೆ ಸೈಕಲ್, ತೋಟಕ್ಕೆ ಹೋಗದಿದ್ದರೂ ಕಳೆದುಕೊಂಡದ್ದು ಏನಿಲ್ಲ. ಎರಡನ್ನೂ ಒಂದೇ ದಿನ ಮಾಡುವ ಆಸೆ ಬಹಳ ಜನಕ್ಕೆ ಇರುತ್ತದೆ. ಮಾಡಬಹುದು, ಬೆಳಿಗ್ಗೆ ಎಂಟಕ್ಕೆ ತೋಟ, ಹನ್ನೊಂದೂವರೆಗೆ ಹೊರಬಂದು ಬಾಗಿಲಲ್ಲೇ ಸೈಕಲ್. ಮಧ್ಯಾಹ್ನದ ಮೇಲೆ ತೋಟ ಎಂದು ಉಲ್ಟಾ ಇಟ್ಟುಕೊಂಡರೆ ಸೈಕಲ್ಲಿನ ದಣಿವಿನಲ್ಲಿ ತೋಟ ನಡೆಯಲು ಕಾಲು ಬರುವುದಿಲ್ಲ.

ಏಪ್ರಿಲ್ ಮಧ್ಯದ ಒಂದು ಶನಿವಾರ ನೋರ್ಡ್‌ವೈಕ್‌ನಿಂದ ಹಾರ್ಲೆಮ್‌ವರೆಗೆ ಹೂವಿನ ತೇರುಗಳ ಮೆರವಣಿಗೆ ನಡೆಯುತ್ತದೆ, ಸುಮಾರು 40 ಕಿಲೋಮೀಟರ್. ಹಬ್ಬವೇ ಸರಿ, ಆದರೆ ಅಂದು ರಸ್ತೆಗಳು ಮುಚ್ಚಿರುತ್ತವೆ, ಬಸ್ಸುಗಳು ತಡವಾಗುತ್ತವೆ. ತೋಟ ನೋಡುವ ದಿನವನ್ನು ಅದಕ್ಕೆ ತಳಕು ಹಾಕಬೇಡಿ. ತೇರುಗಳನ್ನು ಮರುದಿನ ಭಾನುವಾರ ಹಾರ್ಲೆಮ್‌ನಲ್ಲಿ ನಿಲ್ಲಿಸಿರುತ್ತಾರೆ, ನೂಕುನುಗ್ಗಲಿಲ್ಲದೆ ಹತ್ತಿರದಿಂದ ನೋಡಲು ಅದೇ ವಾಸಿ. ಏಪ್ರಿಲ್ 27 ರಾಜನ ಹುಟ್ಟುಹಬ್ಬ, ಅಂದು ಆಮ್ಸ್ಟರ್‌ಡ್ಯಾಮ್ ನಡುಪೇಟೆಯಲ್ಲಿ ಟ್ರ್ಯಾಮ್ ಓಡುವುದಿಲ್ಲ, ಇಡೀ ಊರು ಕಿತ್ತಳೆ ಬಣ್ಣ ತೊಟ್ಟು ಬೀದಿಗಿಳಿದಿರುತ್ತದೆ. ವಯಸ್ಸಾದವರ ಜೊತೆ ಆ ದಿನ ಊರು ಬಿಟ್ಟು ಹೋಗಲು ತೋಟವೇ ಒಳ್ಳೆಯ ನೆಪ, ಆದರೆ ಬೆಳಿಗ್ಗೆ ಬೇಗ ಹೊರಡಬೇಕು. ಮೇ 4ರ ರಾತ್ರಿ 8ಕ್ಕೆ ಯುದ್ಧದಲ್ಲಿ ಮಡಿದವರಿಗಾಗಿ ದೇಶವೇ ಎರಡು ನಿಮಿಷ ಮೌನವಾಗಿ ನಿಲ್ಲುತ್ತದೆ, ನೀವೂ ಎಲ್ಲಿದ್ದೀರೋ ಅಲ್ಲೇ ನಿಲ್ಲಿ.

ಎಲ್ಲಿ ಉಳಿಯುವುದು

ಟುಲಿಪ್ ಮುಖ್ಯವಾದ ಪ್ರವಾಸಕ್ಕೆ ಹಾರ್ಲೆಮ್ ಅಥವಾ ಲೈಡನ್ನೇ ನಮ್ಮ ಮೊದಲ ಆಯ್ಕೆ. ಹಾರ್ಲೆಮ್‌ನಿಂದ ಆಮ್ಸ್ಟರ್‌ಡ್ಯಾಮ್ ನಡುಪೇಟೆಗೆ ರೈಲು 15ರಿಂದ 20 ನಿಮಿಷ, ಬೆಂಗಳೂರಿನ ಲೆಕ್ಕದಲ್ಲಿ ಅದು ದೂರವೇ ಅಲ್ಲ. ಆಮ್ಸ್ಟರ್‌ಡ್ಯಾಮ್‌ನಲ್ಲಿ ರೂಮಿನ ದರದ ಮೇಲೆ 12.5 ಶೇಕಡಾ ಪ್ರವಾಸಿ ತೆರಿಗೆ ಬೇರೆ ಬೀಳುತ್ತದೆ. ಕಾಲುವೆ ಬದಿಯ ಹಳೆಯ ಮನೆಗಳ ಹೋಟೆಲು ನೋಡಲು ಸೊಗಸು, ಆದರೆ ಅವುಗಳ ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದು, ಎಷ್ಟೋ ಕಡೆ ಲಿಫ್ಟ್ ಇಲ್ಲ. ಕಾಯ್ದಿರಿಸುವ ಮೊದಲು ಲಿಫ್ಟ್ ಇದೆಯೇ, ಅದು ರೂಮಿನ ಮಹಡಿಯವರೆಗೂ ಬರುತ್ತದೆಯೇ ಎಂದು ಎರಡೂ ಕೇಳಿ. ಮೊದಲ ಮಹಡಿಯಲ್ಲೇ ನಿಂತುಹೋಗುವ ಲಿಫ್ಟ್‌ಗಳೂ ಇವೆ.

ಕಾರ್ಡ್ ತೋರಿಸಿ ಹತ್ತುವಾಗ

ರೈಲು, ಟ್ರ್ಯಾಮ್, ಬಸ್ಸು ಎಲ್ಲದಕ್ಕೂ ನಿಮ್ಮ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಹತ್ತಬಹುದು, ಇಳಿಯುವಾಗ ಮತ್ತೆ ಮುಟ್ಟಿಸಬೇಕು. ಇಬ್ಬರಿದ್ದರೆ ಎರಡು ಕಾರ್ಡ್ ಬೇಕು. ಒಂದೇ ಕಾರ್ಡನ್ನು ಎರಡು ಸಲ ಮುಟ್ಟಿಸಿದರೆ ಯಂತ್ರ ಎರಡನೆಯದನ್ನು ಇಳಿದದ್ದು ಎಂದು ಎಣಿಸುತ್ತದೆ. ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮ: ಹತ್ತುವಾಗ ಮೊಬೈಲ್, ಇಳಿಯುವಾಗ ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡ್. ಯಂತ್ರಕ್ಕೆ ಅವೆರಡೂ ಬೇರೆ ಬೇರೆ, ಹಾಗಾಗಿ ಎರಡು ಅರ್ಧ ಪ್ರಯಾಣಗಳಾಗಿ ಎರಡಕ್ಕೂ ಹೆಚ್ಚು ಹಣ ಕಡಿತವಾಗುತ್ತದೆ. ಭಾರತದ ಕಾರ್ಡ್ ಆದರೆ ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಹೊರದೇಶದ ಬಳಕೆ ಮತ್ತು ಮುಟ್ಟಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಚಾಲೂ ಮಾಡಿ. ಊರಿನ ಟ್ರ್ಯಾಮ್ ಮೆಟ್ರೊ ಕಂಪನಿಯ ದಿನದ ಟಿಕೆಟ್ ರೈಲಿಗೆ ನಡೆಯುವುದಿಲ್ಲ, ಟುಲಿಪ್ ದಿನಕ್ಕೆ ಅದನ್ನು ಕೊಂಡರೆ ಹಣ ವ್ಯರ್ಥ.

ಉಳಿದ ಎರಡು ದಿನ

ಯುದ್ಧಕಾಲದಲ್ಲಿ ಅಡಗಿಕೊಂಡು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಮನೆಯ ಟಿಕೆಟ್ ಅವರ ಸ್ವಂತ ಜಾಲತಾಣದಲ್ಲಿ ಮಾತ್ರ, ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ 10ಕ್ಕೆ ಆರು ವಾರ ಮುಂದಿನ ದಿನಗಳಿಗೆ ಬಿಡುತ್ತಾರೆ. ಮಾರ್ಚ್ ಕೊನೆಯ ಭಾನುವಾರದಿಂದ ಅದು ನಮ್ಮ ಮಧ್ಯಾಹ್ನ 1:30, ಅದಕ್ಕೆ ಮೊದಲು 2:30. ಒಳಗಿನ ಮೆಟ್ಟಿಲು ಬಹಳ ಕಡಿದು, ಅಮ್ಮನ ಜೊತೆ ಹೋಗುವವರು ಇದನ್ನು ಬಿಟ್ಟು ಲಿಫ್ಟ್ ಇರುವ ರೈಕ್ಸ್‌ಮ್ಯೂಸಿಯಂ ಆರಿಸಿಕೊಳ್ಳಿ. ಬೆಳಿಗ್ಗೆ 9ಕ್ಕೇ ಹೋದರೆ ರೆಂಬ್ರಾಂಟ್ 1642ರಲ್ಲಿ ಬಿಡಿಸಿದ ರಾತ್ರಿ ಪಹರೆಯ ಚಿತ್ರದ ಮುಂದೆ ಗಲಾಟೆಯಿಲ್ಲದೆ ನಿಲ್ಲಬಹುದು. ವ್ಯಾನ್‌ಗೋ ಮ್ಯೂಸಿಯಂಗೂ ಸಮಯ ನಮೂದಿಸಿದ ಆನ್‌ಲೈನ್ ಟಿಕೆಟ್ ಬೇಕು, ಬಾಗಿಲಲ್ಲಿ ಮಾರುವುದಿಲ್ಲ.

ಕಾಲುವೆ ದೋಣಿಯಲ್ಲಿ ಗಾಜು ಮುಚ್ಚಿದ ದೊಡ್ಡದು, ತೆರೆದ ಚಿಕ್ಕದು ಎಂದು ಎರಡು ಬಗೆ. ಏಪ್ರಿಲ್‌ನ ಬಿಸಿಲಿನ ಮಧ್ಯಾಹ್ನ ತೆರೆದದ್ದು, ಸೇತುವೆಯ ಇಟ್ಟಿಗೆ ಕೈಗೆ ಸಿಗುವಷ್ಟು ಹತ್ತಿರ ಹಾದುಹೋಗುತ್ತದೆ. ಸಂಜೆ ಅಥವಾ ಮೋಡವಿದ್ದರೆ ಮುಚ್ಚಿದ್ದೇ ಸರಿ, ನೀರಿನ ಮೇಲಿನ ಗಾಳಿಗೆ ಒಂದು ಗಂಟೆಯಲ್ಲಿ ಕಿವಿ ಮರಗಟ್ಟುತ್ತದೆ. ಮಳೆಗೆ ಗಾಜಿನೊಳಗೆ ಉಸಿರಿನ ಮಂಜು ಕಟ್ಟುವುದರಿಂದ ತೆರೆಯಬಲ್ಲ ಕಿಟಕಿಯ ಪಕ್ಕ ಕೂರಿ.

ಹೊರಡುವ ಮೊದಲು, ಹಿಂತಿರುಗುವ ಮೊದಲು

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಏಪ್ರಿಲ್ ಪ್ರವಾಸಕ್ಕೆ ಜನವರಿ ದಾಟಿಸಬೇಡಿ, ಬೆರಳಚ್ಚು ಕೊಡುವ ದಿನ ಸಿಗುವುದೇ ಕಷ್ಟವಾಗುತ್ತದೆ. ವಯಸ್ಕರಿಗೆ ಶುಲ್ಕ 90 ಯೂರೊ, ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು ಇರಬೇಕು. ಮಕ್ಕಳ ಮನೆಯಲ್ಲಿ ಉಳಿಯುವ ತಂದೆ ತಾಯಿಗೆ ಅಲ್ಲಿನ ಮಗ ಅಥವಾ ಮಗಳು ಜಾಮೀನು ಮತ್ತು ವಸತಿಯ ಫಾರ್ಮಿಗೆ ತಮ್ಮ ನಗರಸಭೆಯಲ್ಲಿ ಸಹಿ ದೃಢೀಕರಿಸಿ ಮೂಲ ಪ್ರತಿಯನ್ನೇ ಕಳುಹಿಸಬೇಕು. ಅಂಚೆಗೆ ಎರಡು ವಾರ ಇಟ್ಟುಕೊಳ್ಳಿ.

ಊರಿಗೆ ಟುಲಿಪ್ ಗೆಡ್ಡೆ ತರುವ ಆಸೆಯಿದ್ದರೆ, ಭಾರತಕ್ಕೆ ಗೆಡ್ಡೆ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ವಿಮಾನ ನಿಲ್ದಾಣದ ಅಂಗಡಿಯ ಪೊಟ್ಟಣದ ಮೇಲಿನ ಮುದ್ರೆ ಅದಕ್ಕೆ ಸಾಲದು. ತಂದರೂ ಅದಕ್ಕೆ ಮೂರು ನಾಲ್ಕು ತಿಂಗಳ ಚಳಿ ಬೇಕು, ಬೆಂಗಳೂರು ಮೈಸೂರಿನ ಮಣ್ಣಿನಲ್ಲಿ ಎಲೆ ಬಂದೀತು, ಹೂ ಬಾರದು. ಮರದಲ್ಲಿ ಕೊರೆದು ಬಣ್ಣ ಹಚ್ಚಿದ ಟುಲಿಪ್‌ಗಳು ಅಲ್ಲಿನ ಅಂಗಡಿಗಳಲ್ಲಿ ಹೇರಳವಾಗಿ ಸಿಗುತ್ತವೆ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿಟ್ಟರೆ ಮುರಿಯುವುದಿಲ್ಲ.